ಐದು ರೂಪಾಯಿ ನೋಟಿಗೆ ಐದು ಲಕ್ಷ ಕೊಡುವವರು ಯಾರು?



ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆದುಕೊಳ್ಳುವ ಹೊತ್ತಿಗೆ ಈಗೀಗ ಹಲವು ಮನೆಗಳಲ್ಲಿ ಒಂದು ಚಿಕ್ಕ ಡಬ್ಬಿ ಹೊರಗೆ ಬರುತ್ತದೆ. ಅದರಲ್ಲಿ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ವೈಷ್ಣೋದೇವಿ ಚಿತ್ರದ ನಾಣ್ಯ, ಖಡ್ಗಮೃಗ ಇರುವ ನಾಲ್ಕಾಣೆ, ಕೊನೆಯಲ್ಲಿ 786 ಇರುವ ಒಂದು ನೋಟು. "ಡಾಕ್ಟರೇ, ಇದಕ್ಕೆ ಲಕ್ಷಗಟ್ಟಲೆ ಸಿಗುತ್ತದಂತೆ, ಮೊಬೈಲಿನಲ್ಲಿ ಬಂದಿದೆ, ನಿಜವೇ?" ಎಂದು ಕೇಳುತ್ತೀರಿ.

ಪಶು ವೈದ್ಯರಿಗೆ ನಾಣ್ಯದ ಉಸಾಬರಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಬರೆಯುತ್ತಿರುವುದು ನಾಣ್ಯಕ್ಕಾಗಿ ಅಲ್ಲ, ನಿಮ್ಮ ಹಾಲಿನ ದುಡ್ಡಿಗಾಗಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆದು ಸಂಘಕ್ಕೆ ಹಾಕಿದ ಮೇಲೆ ಬರುವ ಬಟವಾಡೆ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎನ್ನುವವರ ಕಣ್ಣು ನಿಮ್ಮ ಡಬ್ಬಿಯ ಮೇಲೆ ಇಲ್ಲ, ಆ ಖಾತೆಯ ಮೇಲಿದೆ. ಹಾಗಾಗಿ ಯಾವ ನಾಣ್ಯಕ್ಕೆ ನಿಜವಾಗಿ ಬೆಲೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ನೀವೇ ನೋಡಿ ಹೇಳುವಷ್ಟು ತಿಳಿದಿರುವುದು ಒಳ್ಳೆಯದು. ತಿಳಿದವರ ಮನೆಯಲ್ಲಿ ಈ ಆಟ ನಡೆಯುವುದಿಲ್ಲ.

ಬೆಲೆ ಹುಟ್ಟುವುದು ಎಲ್ಲಿಂದ?

ಹಸುವಿನ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ತಳಿ ಯಾವುದು, ಎಷ್ಟನೇ ಕರು, ಎಷ್ಟು ಹಾಲು, ಕೆಚ್ಚಲು ಹೇಗಿದೆ ಎಂದು ನೋಡುತ್ತೀರಿ. ಬರೀ ವಯಸ್ಸಾಗಿದೆ ಎಂದು ಯಾರೂ ಹೆಚ್ಚು ದುಡ್ಡು ಕೊಡುವುದಿಲ್ಲ. ನಾಣ್ಯವೂ ಹಾಗೆಯೇ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ನಾಣ್ಯಕ್ಕೂ ಬೆಲೆ ಬರುವುದಿಲ್ಲ.

ನಾಣ್ಯಕ್ಕೆ ಅದರ ಮೇಲೆ ಅಚ್ಚಾದ ಮೊತ್ತಕ್ಕಿಂತ ಹೆಚ್ಚು ಬೆಲೆ ಬರಲು ಎರಡೇ ದಾರಿ. ಒಂದು, ಅದರಲ್ಲಿರುವ ಲೋಹ. ಬೆಳ್ಳಿಯೋ ಚಿನ್ನವೋ ಇದ್ದರೆ ತೂಕಕ್ಕೆ ತಕ್ಕ ಬೆಲೆ ಇದ್ದೇ ಇರುತ್ತದೆ. ಎರಡು, ಸಂಗ್ರಹಕಾರರ ಬೇಡಿಕೆ. ಆ ನಾಣ್ಯ ಉಳಿದಿರುವುದು ಕಡಿಮೆ ಇರಬೇಕು, ಅದನ್ನು ಬಯಸುವವರು ಹೆಚ್ಚಿರಬೇಕು, ಮೇಲಿನ ಅಚ್ಚು ಸವೆಯದೆ ಚೆನ್ನಾಗಿರಬೇಕು. ಮೂರೂ ಕೂಡಿದಾಗ ಮಾತ್ರ ಬೆಲೆ ಏರುತ್ತದೆ. ಒಂದು ತಪ್ಪಿದರೂ ಬೆಲೆ ಬಿದ್ದು ಹೋಗುತ್ತದೆ.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಹೊರಬಂತು. ದೊರೆಯ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇತ್ತು. ಆದರೆ ಸೊಂಡಿಲು ಗಿಡ್ಡವಾಗಿ ಮೂಡಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಸರ್ಕಾರ ಆ ನಾಣ್ಯ ಕೊಡುವುದನ್ನು ನಿಲ್ಲಿಸಿ ಹೆಚ್ಚಿನವನ್ನು ಕರಗಿಸಿತು. 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಬಂತು. ಇವತ್ತಿಗೂ ಸಂಗ್ರಹಕಾರರು 1911ರ 'ಹಂದಿ ರೂಪಾಯಿ'ಯನ್ನು ಹುಡುಕುತ್ತಾರೆ. ಮುಂದಿನ ವರ್ಷಗಳ ರೂಪಾಯಿ ನೋಡಲು ಅದರಂತೆಯೇ ಇದ್ದರೂ ಆ ಬೇಡಿಕೆ ಇಲ್ಲ. ವಿರಳವಾಗುವುದಕ್ಕೆ ಹೀಗೆ ಒಂದು ಕಾರಣ ಇರುತ್ತದೆ. ಯಾರಾದರೂ ನಿಮ್ಮ ನಾಣ್ಯ ಅಪರೂಪದ್ದು ಎಂದರೆ ಮೊದಲು ಕೇಳಬೇಕಾದದ್ದು ಇದೇ: ಯಾಕೆ ಅಪರೂಪ? ಉಳಿದವು ಎಲ್ಲಿ ಹೋದವು?

ಮೊಬೈಲಿನಲ್ಲಿ ಓಡಾಡುವ ನಾಣ್ಯಗಳು

ಈ ಪ್ರಶ್ನೆಯನ್ನೇ ಹಿಡಿದು ನಿಮ್ಮ ಡಬ್ಬಿಯನ್ನು ನೋಡೋಣ.

ಟ್ರ್ಯಾಕ್ಟರ್ ನೋಟು ನಮ್ಮ ರೈತರ ಮನೆಗಳಲ್ಲಿ ಎಲ್ಲರಿಗೂ ಅಕ್ಕರೆಯದು. ಹೊಲ ಉಳುವ ರೈತ, ಹಿಂದೆ ಸೂರ್ಯ. ಆದರೆ ಅದು ಎಷ್ಟೋ ವರ್ಷ ದೇಶವೆಲ್ಲ ಓಡಾಡಿದ ನೋಟು. ಐದು ರೂಪಾಯಿಗೆ ನಾಣ್ಯ ಬಂದ ಮೇಲೆ ನೋಟು ಕಡಿಮೆಯಾಯಿತು, ಅಷ್ಟೇ. ಅದು ಇವತ್ತಿಗೂ ಚಲಾವಣೆಗೆ ಅರ್ಹ. ಅದರ ಬೆಲೆ ಐದು ರೂಪಾಯಿ.

ವೈಷ್ಣೋದೇವಿ ನಾಣ್ಯ 2012ರಲ್ಲಿ ಆ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ ಬಂದದ್ದು. 5 ಮತ್ತು 10 ರೂಪಾಯಿಯ ಈ ನಾಣ್ಯಗಳನ್ನು ಜನರ ಕೈಯಲ್ಲಿ ಓಡಾಡಲೆಂದೇ ಅಚ್ಚು ಹಾಕಿದರು. ದೇವರ ಚಿತ್ರ ಇದೆ ಎಂದು ಮನೆಯಲ್ಲಿ ಇಟ್ಟುಕೊಂಡರೆ ಅದು ನಿಮ್ಮ ಭಕ್ತಿ, ಅದಕ್ಕೆ ನನ್ನ ತಕರಾರಿಲ್ಲ. ಲಕ್ಷ ಸಿಗುತ್ತದೆ ಎಂಬುದಕ್ಕೆ ಮಾತ್ರ ತಕರಾರು.

ಖಡ್ಗಮೃಗದ ನಾಲ್ಕಾಣೆ 1988ರಿಂದ ಬಂದ ಸ್ಟೀಲ್ ನಾಣ್ಯ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. ಹಾಗಾಗಿ ಅಂಗಡಿಯಲ್ಲಿ ಅದಕ್ಕೆ ಏನೂ ಬರುವುದಿಲ್ಲ, ಬ್ಯಾಂಕಿನಲ್ಲೂ ಈಗ ಬದಲಿಸಿ ಕೊಡುವುದಿಲ್ಲ. ನಿಂತು ಹೋಗಿದೆ ಎಂದಮಾತ್ರಕ್ಕೆ ಅಪರೂಪವೂ ಅಲ್ಲ. ಯಾವ ಊರಿನ ಯಾವ ಮನೆಯ ಹಳೇ ಪೆಟ್ಟಿಗೆ ತೆಗೆದರೂ ನಾಲ್ಕಾರು ಸಿಗುತ್ತವೆ. 50 ಪೈಸೆ ಹಾಗಲ್ಲ, ಅದು ಈಗಲೂ ಚಲಾವಣೆಗೆ ಅರ್ಹ.

'ಎಚ್' ಗುರುತಿನ 1985ರ ಒಂದು ರೂಪಾಯಿ ಇನ್ನೊಂದು. ಆಗ ದೇಶದಲ್ಲಿ ಚಿಲ್ಲರೆ ಅಭಾವ ಇತ್ತು. ನಮ್ಮ ಟಂಕಸಾಲೆಗಳು ಸಾಲದೆ ಹೊರದೇಶಗಳಲ್ಲಿ ಅಚ್ಚು ಹಾಕಿಸಿ ತರಿಸಿದರು. 'ಎಚ್' ಎಂದರೆ ಇಂಗ್ಲೆಂಡಿನ ಬರ್ಮಿಂಗ್ಹ್ಯಾಮ್‌ನಲ್ಲಿ ಅಚ್ಚಾದದ್ದು ಎಂಬ ಗುರುತು. ಅಭಾವ ನೀಗಲೆಂದು ತರಿಸಿದ ನಾಣ್ಯ ನಾಲ್ಕೇ ನಾಲ್ಕು ಬಂದಿರುತ್ತದೆಯೇ? ನೀವೇ ಯೋಚಿಸಿ.

ಇಸವಿಯ ಕೆಳಗಿನ ಗುರುತುಗಳ ಬಗ್ಗೆಯೂ ದೊಡ್ಡ ಕಥೆಗಳಿವೆ. ನಿಜ ಇಷ್ಟೇ: ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. 'ಗುರುತೇ ಇಲ್ಲದ ನಾಣ್ಯ, ಲಕ್ಷಕ್ಕೊಂದು' ಎಂದು ವಿಡಿಯೋದಲ್ಲಿ ಹೇಳುವವನು ಕೋಲ್ಕತ್ತದ ಮಾಮೂಲಿ ನಾಣ್ಯವನ್ನೇ ನಿಮಗೆ ತೋರಿಸುತ್ತಿರುತ್ತಾನೆ.

786 ನೋಟಿಗೆ ಬೇಡಿಕೆ ಸ್ವಲ್ಪ ಇದೆ, ಅದನ್ನು ಶುಭವೆಂದು ನಂಬುವವರು ಇದ್ದಾರೆ. ಹೊಸದರಂತಿರುವ ನೋಟಿಗೆ ಯಾರಾದರೂ ಪ್ರೀತಿಯಿಂದ ಸ್ವಲ್ಪ ಹೆಚ್ಚು ಕೊಡಬಹುದು. ಆದರೆ ಪ್ರತಿ ಸರಣಿಯಲ್ಲೂ 786 ಬರುತ್ತಲೇ ಇರುತ್ತದೆ. ಇವತ್ತು ಅಚ್ಚಾಗುವ ನೋಟಿನಲ್ಲೂ ಬರುತ್ತದೆ.

ಇನ್ನು ರಾಮ, ಸೀತೆ, ಹನುಮಂತನ ಚಿತ್ರವಿದ್ದು 1818 ಎಂದು ಬರೆದ ಈಸ್ಟ್ ಇಂಡಿಯಾ ಕಂಪನಿ ತಾಮ್ರದ ನಾಣ್ಯಗಳು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಅವು ಆಮೇಲೆ ಮಾರಾಟಕ್ಕೆಂದು ಮಾಡಿದ ಬಿಲ್ಲೆಗಳು. ಇದೇ ಬಿಲ್ಲೆಗಳನ್ನು 'ರೈಸ್ ಪುಲ್ಲಿಂಗ್' ಎಂದು ಹೇಳಿ, ಸಿಡಿಲು ಬಡಿದ ತಾಮ್ರ, ಅಕ್ಕಿ ಕಾಳನ್ನು ಎಳೆಯುತ್ತದೆ, ಹೊರದೇಶದವರು ಕೋಟಿ ಕೊಡುತ್ತಾರೆ ಎಂದು ನಮ್ಮ ರಾಜ್ಯದಲ್ಲಿ ಎಷ್ಟೋ ಜನರಿಗೆ ಮೋಸ ಮಾಡಿದ್ದಾರೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಎಳೆದಂತೆ ಕಂಡರೆ ಬಿಲ್ಲೆಯ ಕೆಳಗೆ ಅಯಸ್ಕಾಂತವಿದೆ, ಅಕ್ಕಿಗೆ ಕಬ್ಬಿಣ ಸೇರಿಸಿದ್ದಾರೆ ಎಂದೇ ತಿಳಿಯಿರಿ.

ಹೇಳಿದ ಬೆಲೆ, ಕೊಟ್ಟ ಬೆಲೆ

"ಆದರೂ ಇಂಟರ್ನೆಟ್ಟಿನಲ್ಲಿ ಮೂರು ಲಕ್ಷ ಅಂತ ಹಾಕಿದ್ದಾರಲ್ಲ?" ಎಂದು ಕೇಳುತ್ತೀರಿ. ಹಾಕಿರಬಹುದು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಂದು ಜೊತೆ ಎತ್ತಿಗೆ ಯಾರು ಬೇಕಾದರೂ ಹತ್ತು ಲಕ್ಷ ಹೇಳಬಹುದು, ಹೇಳಲು ಕಂದಾಯ ಇಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿ, ದುಡ್ಡು ಕೈ ಬದಲಾದಾಗ ನಿಂತದ್ದೇ ಬೆಲೆ. ಮೊಬೈಲಿನಲ್ಲಿ ಕಾಣುವುದು ಹೇಳಿದ ಬೆಲೆ. ಆ ದುಡ್ಡು ಎಣಿಸಿಕೊಂಡವರನ್ನು ನಿಮ್ಮ ಊರಿನಲ್ಲಿ, ಪಕ್ಕದ ಊರಿನಲ್ಲಿ, ನಿಮ್ಮ ತವರಿನಲ್ಲಿ ಯಾರಾದರೂ ಕಂಡಿದ್ದಾರೆಯೇ ಎಂದು ವಿಚಾರಿಸಿ ನೋಡಿ.

ನಿಜವಾದ ಬೆಲೆ ಅಡಗಿರುವುದು ಬೇರೆ ಕಡೆ

ನನಗೆ ಹೆಚ್ಚು ಬೇಸರ ತರುವ ಸಂಗತಿ ಇದು. ಬೆಲೆ ಇಲ್ಲದ ನಾಣ್ಯವನ್ನು ಲಕ್ಷದ ಆಸೆಯಲ್ಲಿ ಜೋಪಾನ ಮಾಡುವ ಮನೆಯಲ್ಲೇ, ನಿಜವಾಗಿ ಬೆಲೆ ಇರುವ ನಾಣ್ಯ ಹಳೇ ಸಾಮಾನು ಕೊಳ್ಳಲು ಬಂದವನ ಚೀಲ ಸೇರಿ, ಬದಲಿಗೆ ಪ್ಲಾಸ್ಟಿಕ್ ಬಕೆಟ್ ಬರುತ್ತದೆ.

ನಿಮ್ಮ ಅಜ್ಜಿ, ಮುತ್ತಜ್ಜಿಯರು ಬಿಟ್ಟುಹೋದ, ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಸದಲ್ಲಿ ಹಾಕುವ ವಿಕ್ಟೋರಿಯಾ ರಾಣಿ, ಎಡ್ವರ್ಡ್, ಜಾರ್ಜ್ ದೊರೆಗಳ ರೂಪಾಯಿ ಇದ್ದರೆ ಸ್ವಲ್ಪ ಗಮನ ಕೊಡಿ. ಆ ಕಾಲದ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹತ್ತಿರಹತ್ತಿರ 10.7 ಗ್ರಾಂ ಶುದ್ಧ ಬೆಳ್ಳಿ ಒಂದೊಂದರಲ್ಲೂ ಇದೆ. 1940ರಿಂದ 1945ರವರೆಗಿನದರಲ್ಲಿ ಯುದ್ಧದ ಕಾರಣ ಬೆಳ್ಳಿ ಅರ್ಧಕ್ಕೆ ಇಳಿಯಿತು. 1946-47ರ ಹೊತ್ತಿಗೆ ಬೆಳ್ಳಿಯನ್ನೇ ಬಿಟ್ಟು ನಿಕಲ್ ಲೋಹಕ್ಕೆ ಹೋದರು. 1947ರ ಹುಲಿ ಚಿತ್ರದ ರೂಪಾಯಿ ನೋಡಲು ಬೆಳ್ಳಗಿದ್ದರೂ ಅದು ಬೆಳ್ಳಿಯಲ್ಲ.

ಸ್ವಾತಂತ್ರ್ಯದ ನಂತರ ಜನರ ಕೈಗೆ ದಿನನಿತ್ಯ ಬಂದ ನಾಣ್ಯಗಳಲ್ಲಿ ಬೆಳ್ಳಿ ಇಲ್ಲ. ನೆನಪಿಗಾಗಿ ಹೊರಡಿಸಿದ ಕೆಲವದರಲ್ಲಿ ಇದೆ. 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನಾಣ್ಯ 15 ಗ್ರಾಂ, ಅದರಲ್ಲಿ ನೂರಕ್ಕೆ 80 ಬೆಳ್ಳಿ. ಆದರೆ ಅದೇ ಗಾಂಧೀಜಿ ಇರುವ ಅದೇ ಸಮಯದ ಒಂದು ರೂಪಾಯಿ, ಐವತ್ತು ಪೈಸೆ, ಇಪ್ಪತ್ತು ಪೈಸೆಗಳಲ್ಲಿ ಬೆಳ್ಳಿ ಇಲ್ಲ. ಹಳದಿ ಬಣ್ಣದ ಇಪ್ಪತ್ತು ಪೈಸೆ ಚಿನ್ನ ಬೆರೆತದ್ದು ಎಂಬ ಮಾತೂ ಸುಳ್ಳು, ಅದರಲ್ಲಿ ಚಿನ್ನ ಇಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತಂತಿ, ಮೊಳೆ ನುಂಗುವ ಹಸುಗಳ ಹೊಟ್ಟೆಗೆ ಅಯಸ್ಕಾಂತ ಬಿಡುವುದನ್ನು ನಿಮ್ಮಲ್ಲಿ ಕೆಲವರು ಕಂಡಿದ್ದೀರಿ. ಹಳೇ ರೇಡಿಯೋದ ಸ್ಪೀಕರಿನಲ್ಲೂ ಒಂದು ಅಯಸ್ಕಾಂತ ಇರುತ್ತದೆ. ಅದನ್ನು ನಾಣ್ಯದ ಹತ್ತಿರ ಹಿಡಿಯಿರಿ. ಹಿಡಿದುಕೊಂಡರೆ ಅದು ಸ್ಟೀಲ್ ಅಥವಾ ನಿಕಲ್, ಬೆಳ್ಳಿ ಖಂಡಿತ ಅಲ್ಲ. ಹಿಡಿಯದಿದ್ದರೆ ಬೆಳ್ಳಿ ಇರಬಹುದು ಎಂದಷ್ಟೇ ಅರ್ಥ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ತಾಮ್ರ-ನಿಕಲ್ ಬೆರಕೆಯನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ಸಂಘದಲ್ಲಿ ಬರೀ ಲ್ಯಾಕ್ಟೋಮೀಟರ್ ನೋಡಿ ಹಾಲಿಗೆ ರೇಟು ಕಟ್ಟುವುದಿಲ್ಲ, ಫ್ಯಾಟೂ ನೋಡುತ್ತಾರೆ. ಹಾಗೆಯೇ ಇಲ್ಲೂ ಎರಡನೇ ಪರೀಕ್ಷೆ ಬೇಕು: ಗುರುತಿನ ಚಿನ್ನ-ಬೆಳ್ಳಿ ಅಂಗಡಿಯಲ್ಲಿ ನಿಮ್ಮ ಕಣ್ಣೆದುರಿಗೇ ತೂಕ ಮಾಡಿಸಿ, ಬೆಳ್ಳಿ ಪರೀಕ್ಷೆ ಮಾಡಿಸಿ. ಹಳೇ ರೂಪಾಯಿ ಸವೆದಿದ್ದರೆ ತೊಲಕ್ಕಿಂತ ಚೂರು ಕಡಿಮೆ ತೂಗುತ್ತದೆ, ತೀರಾ ಕಡಿಮೆ ಇದ್ದರೆ ಅದು ನಕಲಿ ಬಿಲ್ಲೆ ಇರಬಹುದು. ಆ ದಿನದ ಬೆಳ್ಳಿ ದರ ಕೇಳಿಕೊಂಡು ನೀವೇ ಲೆಕ್ಕ ಹಾಕಿ. ಇದು ಲಕ್ಷ ಅಲ್ಲ. ಆದರೆ ಇದು ನಿಜವಾದ ದುಡ್ಡು, ಒಂದು ಬಕೆಟ್ಟಿಗೆ ಕೊಡುವಂಥದ್ದಲ್ಲ.

ಇನ್ನೊಂದು ಮಾತು. ಹಬ್ಬಕ್ಕೆಂದು ಹುಣಸೆಹಣ್ಣು ಹಾಕಿ ನಾಣ್ಯವನ್ನು ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಬೆಳ್ಳಿಯ ಬೆಲೆಗೆ ಅದರಿಂದ ಹೆಚ್ಚು ಕಮ್ಮಿ ಆಗುವುದಿಲ್ಲ. ಆದರೆ ಸಂಗ್ರಹಕಾರರು ಉಜ್ಜಿ ಹೊಳೆಸಿದ ನಾಣ್ಯವನ್ನು ಇಷ್ಟಪಡುವುದಿಲ್ಲ. ಮೇಲಿನ ಅಚ್ಚು ಸವೆಯುತ್ತದೆ, ಗೀರು ಬೀಳುತ್ತದೆ. 1911ರದ್ದೋ 1939ರದ್ದೋ ಜಾರ್ಜ್ ರೂಪಾಯಿ ಕಂಡರೆ ಉಜ್ಜದೆ, ಬಟ್ಟೆಯಲ್ಲಿ ಸುತ್ತಿಟ್ಟು, ತಿಳಿದವರಿಗೆ ತೋರಿಸಿ. 1939ರ ರೂಪಾಯಿ ನಿಜಕ್ಕೂ ವಿರಳ. ಅದಕ್ಕೇ ಇಸವಿಯ ಅಂಕಿ ತಿದ್ದಿದ ನಕಲಿಗಳೂ ಇವೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಆಗಾಗ ನಾಣ್ಯ ಪ್ರದರ್ಶನಗಳು ನಡೆಯುತ್ತವೆ. ಅಲ್ಲಿ ನಾಲ್ಕು ಜನ ವ್ಯಾಪಾರಿಗಳಿಗೆ ತೋರಿಸಿ ನಾಲ್ಕೂ ಬೆಲೆ ಕೇಳಬಹುದು. ಹೊಲ ಉಳುವಾಗ, ಪಾಯ ತೆಗೆಯುವಾಗ ನೆಲದಲ್ಲಿ ಹಳೇ ನಾಣ್ಯ ಸಿಕ್ಕರೆ ಮಾತ್ರ ದಾರಿ ಬೇರೆ. ಅದನ್ನು ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕು. ಬಚ್ಚಿಡುವುದು ಅಪರಾಧ.

ಮಾರುವವರು ದುಡ್ಡು ಕಟ್ಟುವುದುಂಟೇ?

ಈ ಮೋಸ ನಡೆಯುವ ಬಗೆ ಎಲ್ಲ ಕಡೆಯೂ ಒಂದೇ. ಮೊದಲು ಒಂದು ವಿಡಿಯೋ ಅಥವಾ ಜಾಹೀರಾತು, ಅದರಲ್ಲಿ ಒಂದು ನಂಬರು. ನೀವು ನಾಣ್ಯದ ಫೋಟೋ ಕಳಿಸಿದ ಕೂಡಲೇ ಉತ್ತರ ಬರುತ್ತದೆ: "ಅಭಿನಂದನೆಗಳು ಮೇಡಂ, ನಿಮ್ಮ ನಾಣ್ಯ ಆಯ್ಕೆಯಾಗಿದೆ." ಆಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಪತ್ರ, ಯಾರದ್ದೋ ಗುರುತಿನ ಚೀಟಿ, ನಿಮ್ಮ ಹೆಸರಿನ ಚೆಕ್ಕಿನ ಫೋಟೋ. ಎಲ್ಲ ನಕಲಿ. ಮೊದಲು ನೋಂದಣಿ ಶುಲ್ಕ ಎಂದು ಐನೂರೋ ಸಾವಿರವೋ ಕೇಳುತ್ತಾರೆ. ಕಟ್ಟಿದರೆ ಜಿಎಸ್‌ಟಿ, ಅದನ್ನೂ ಕಟ್ಟಿದರೆ ವಿಮೆ, ಆಮೇಲೆ ಆದಾಯ ತೆರಿಗೆ. ದುಡ್ಡು ತರುತ್ತಿದ್ದ ಗಾಡಿಯನ್ನು ಪೊಲೀಸರು ಹಿಡಿದಿದ್ದಾರೆ, ಬಿಡಿಸಲು ಇನ್ನಷ್ಟು ಕಳಿಸಿ ಎನ್ನುವುದೂ ಉಂಟು. ಕಟ್ಟಿದ್ದು ಹೋಗಬಾರದು ಎಂಬ ಸಂಕಟದಲ್ಲೇ ಮತ್ತೆ ಮತ್ತೆ ಕಟ್ಟುತ್ತಾ ಹೋಗುತ್ತೇವೆ. ಕೊನೆಗೆ ನಿಲ್ಲಿಸಿದಾಗ ಬೆದರಿಕೆ ಶುರುವಾಗುತ್ತದೆ.

ಇಲ್ಲಿ ನಾಣ್ಯಶಾಸ್ತ್ರ ಏನೂ ತಿಳಿಯದಿದ್ದರೂ ಸಾಕಾಗುವ ಒಂದು ಮಾತಿದೆ. ನೀವು ಸಂಘಕ್ಕೆ ಹಾಲು ಹಾಕುತ್ತೀರಿ. ಹಾಲು ಕೊಳ್ಳಲು ಸಂಘ ಎಂದಾದರೂ ನಿಮ್ಮಿಂದ ಮುಂಗಡ ದುಡ್ಡು ಕೇಳಿದೆಯೇ? ಕರು ಮಾರಿದಾಗ ಕೊಳ್ಳುವವನು "ಮೊದಲು ನೀವು ಎರಡು ಸಾವಿರ ಕಟ್ಟಿ, ಆಮೇಲೆ ಇಪ್ಪತ್ತು ಸಾವಿರ ಕೊಡುತ್ತೇನೆ" ಎಂದರೆ ಅವನನ್ನು ಹಟ್ಟಿಯಿಂದ ಆಚೆ ಕಳಿಸುತ್ತೀರಿ. ನಾಣ್ಯದ ವ್ಯಾಪಾರಕ್ಕೂ ಅದೇ ನ್ಯಾಯ. ಮಾರುವವರು ದುಡ್ಡು ಪಡೆಯುತ್ತಾರೆ, ಕಟ್ಟುವುದಿಲ್ಲ. ಕಟ್ಟು ಎಂದ ಕ್ಷಣವೇ ಅದು ಮೋಸ ಎಂದು ತಿಳಿಯಿರಿ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಳೇ ನೋಟು, ನಾಣ್ಯಗಳನ್ನು ಕೊಳ್ಳುವ ಮಾರುವ ವ್ಯವಹಾರವನ್ನು ತಾನು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಪ್ರಕಟಣೆ ಕೊಟ್ಟಿದೆ. ಆದ್ದರಿಂದ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಪತ್ರ ಬಂದರೆ ಅದು ಧೈರ್ಯ ತರುವ ಪತ್ರ ಅಲ್ಲ, ಮೋಸಕ್ಕೆ ಸಿಕ್ಕ ಸಾಕ್ಷಿ.

ದುಡ್ಡಿಗಿಂತ ದೊಡ್ಡ ಹಾನಿಯೂ ಇದೆ. ಆಧಾರ್, ಪಾಸ್‌ಬುಕ್ ಫೋಟೋ, ಓಟಿಪಿ ಕೊಟ್ಟರೆ ನಿಮ್ಮ ಖಾತೆಯನ್ನೇ ಬಳಸಿ ಇನ್ನೊಬ್ಬರಿಂದ ದೋಚಿದ ದುಡ್ಡನ್ನು ಸಾಗಿಸಬಹುದು. ತನಿಖೆಯಾದಾಗ ಆ ಖಾತೆಯ ವ್ಯವಹಾರವನ್ನು ತಡೆಹಿಡಿಯುತ್ತಾರೆ. ಆಗ ನಿಮ್ಮ ಬಟವಾಡೆ, ಪ್ರೋತ್ಸಾಹಧನ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹಿಂಡಿ ತರಲೂ ದುಡ್ಡಿಲ್ಲದ ಸ್ಥಿತಿ ಬರುತ್ತದೆ. ಇನ್ನೊಂದು ನೆನಪಿಡಿ: ದುಡ್ಡು ಬರಲು ಫೋನಿನಲ್ಲಿ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ.

ನಿಜವಾದ ದುಡ್ಡನ್ನು ಬೇಡ ಎನ್ನುತ್ತೇವೆ

ಇದೇ ಕಥೆಗೆ ಇನ್ನೊಂದು ಮುಖ ಇದೆ. ಐದು ರೂಪಾಯಿ ನೋಟಿಗೆ ಐದು ಲಕ್ಷ ಎಂದರೆ ನಂಬುವ ನಮ್ಮ ಊರುಗಳಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಅಂಗಡಿಯವರು "ಇದು ನಡೆಯೋದಿಲ್ಲ" ಎನ್ನುತ್ತಾರೆ. ರೂಪಾಯಿ ಚಿಹ್ನೆ ಇದ್ದರೆ ಸರಿ, ಇಲ್ಲದಿದ್ದರೆ ನಕಲಿ, ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಎಂದೆಲ್ಲ ಲೆಕ್ಕ. ರೂಪಾಯಿ ಚಿಹ್ನೆಯೇ 2010ರಲ್ಲಿ ಬಂದದ್ದು. ಅದಕ್ಕಿಂತ ಹಿಂದಿನ ನಾಣ್ಯದಲ್ಲಿ ಅದು ಹೇಗೆ ಇರಬೇಕು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಯವರೆಗೆ ಬಂದ ಹದಿನಾಲ್ಕು ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಗೆ ಅರ್ಹ ಎಂದು ಹೇಳಿದೆ. ಬ್ಯಾಂಕ್ ಶಾಖೆಗಳು ನಾಣ್ಯಗಳನ್ನು ಸ್ವೀಕರಿಸಬೇಕು ಎಂದೂ ಸೂಚಿಸಿದೆ.

ಬೆಲೆ ಇರುವುದನ್ನು ಬೇಡ ಎನ್ನುವುದು, ಬೆಲೆ ಇಲ್ಲದ್ದಕ್ಕೆ ಲಕ್ಷ ಕಟ್ಟುವುದು, ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು. ಯಾರೋ ಹೇಳಿದರು ಎಂಬುದನ್ನು ಪರೀಕ್ಷೆ ಮಾಡದೆ ನುಂಗುವುದೇ ಆ ಕಾಯಿಲೆ. ಕರುವಿಗೆ ಭೇದಿ ಎಂದರೆ ಕಾರಣ ಹುಡುಕುವ ನಾವು ದುಡ್ಡಿನ ವಿಷಯದಲ್ಲೂ ಹುಡುಕಬೇಕು.

ನಾಚಿಕೆ ನಮ್ಮದಲ್ಲ

ಮೋಸ ಹೋದ ಹೆಣ್ಣುಮಕ್ಕಳನ್ನು ಆಸೆಬುರುಕಿ ಎಂದು ಹಂಗಿಸುವುದನ್ನು ನಾನು ಒಪ್ಪುವುದಿಲ್ಲ. ಮಗಳ ಫೀಸು, ಧರ್ಮಸ್ಥಳ ಸಂಘದ ವಾರದ ಕಂತು, ಗಬ್ಬ ಕಟ್ಟದ ಹಸು, ಬೇಸಿಗೆಯಲ್ಲಿ ಏರಿದ ಹುಲ್ಲಿನ ಬೆಲೆ, ಇವುಗಳ ನಡುವೆ ಇರುವವರಿಗೆ ಡಬ್ಬಿಯಲ್ಲಿ ಒಂದು ಲಕ್ಷ ಇದೆ ಎಂದರೆ ಒಂದು ಕ್ಷಣ ಮನಸ್ಸು ಅತ್ತ ಹೋಗುವುದು ಸಹಜ. ತಪ್ಪು ಅದನ್ನು ಬಳಸಿಕೊಳ್ಳುವವರದು. 'ಈ ನಾಣ್ಯ ನಿಮ್ಮಲ್ಲಿದ್ದರೆ ನೀವೇ ಲಕ್ಷಾಧಿಪತಿ' ಎಂದು ವಿಚಾರಿಸದೆ ಸುದ್ದಿ ಹಾಕುವವರದ್ದೂ ಹೌದು. ಅವರ ಪುಟ ನಾಲ್ಕು ಜನ ಹೆಚ್ಚು ನೋಡಲಿ ಎಂದು ನಮ್ಮ ಹಳ್ಳಿಯ ಮನೆ ಬೆಲೆ ತೆರುತ್ತದೆ.

ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ ಮೋಸಗಾರನಿಗೆ ಅನುಕೂಲ. ಗಂಡನಿಗೆ ಗೊತ್ತಾದರೆ ಬೈಯುತ್ತಾರೆ ಎಂದು ಎರಡು ದಿನ ತಡಮಾಡಿದರೆ ದುಡ್ಡು ಹತ್ತು ಖಾತೆ ದಾಟಿ ಹೋಗಿರುತ್ತದೆ. ಕೆಚ್ಚಲುಬಾವು ಬಂದಾಗ ಮೊದಲ ದಿನವೇ ಕರೆದರೆ ಕೆಚ್ಚಲು ಉಳಿಯುತ್ತದೆ, ನಾಲ್ಕನೇ ದಿನ ಕರೆದರೆ ನಮ್ಮ ಕೈಯಲ್ಲಿ ಹೆಚ್ಚು ಇರುವುದಿಲ್ಲ. ಇದೂ ಹಾಗೆಯೇ. ದುಡ್ಡು ಹೋಗಿದೆ ಎಂದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದರೆ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಇದೆ. ಬ್ಯಾಂಕಿಗೂ ತಿಳಿಸಿ. ಮಾತಾಡಿದ ನಂಬರು, ಮೆಸೇಜು, ದುಡ್ಡು ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ.

ನಮ್ಮ ಮಹಿಳಾ ಸಂಘಗಳಿಗೆ ನನ್ನದೊಂದು ಸಲಹೆ ಇದೆ. ಲಸಿಕೆ ದಿನಾಂಕ ಬರೆಯುವ ಬೋರ್ಡಿನಲ್ಲೇ ಒಂದು ಸಾಲು ಬರೆಸಿ: 'ಮಾರುವವರು ದುಡ್ಡು ಕಟ್ಟುವುದಿಲ್ಲ. ಮೋಸವಾದರೆ 1930.' ಬಟವಾಡೆ ದಿನ ಐದು ನಿಮಿಷ ಈ ವಿಷಯ ಮಾತಾಡಿ. ಇಂಥ ಕರೆ ಬಂದವರು ಕಾರ್ಯದರ್ಶಿಗೋ ಹಾಲು ಪರೀಕ್ಷಕಿಗೋ ಸಂಕೋಚವಿಲ್ಲದೆ ಹೇಳುವಂತೆ ಇರಲಿ. ಒಬ್ಬರಿಗೆ ಬಂದ ಕರೆ ನೂರು ಜನರಿಗೆ ಎಚ್ಚರಿಕೆಯಾಗುತ್ತದೆ. ಸಂಘ ಕಟ್ಟಿರುವುದೇ ಒಬ್ಬರ ಕಷ್ಟ ಎಲ್ಲರಿಗೂ ತಿಳಿಯಲಿ ಎಂದು.

ಈ ವಾರ ಬಿಡುವಾದಾಗ ಆ ಡಬ್ಬಿ ತೆಗೆದು ಮೂರು ಗುಡ್ಡೆ ಮಾಡಿ. ಚಲಾವಣೆಯಲ್ಲಿರುವ ಐವತ್ತು ಪೈಸೆ, ಒಂದು, ಎರಡು, ಐದು, ಹತ್ತು ರೂಪಾಯಿ ನಾಣ್ಯಗಳು, ಟ್ರ್ಯಾಕ್ಟರ್ ನೋಟು ಒಂದು ಕಡೆ. ಇವು ದುಡ್ಡು, ಖರ್ಚು ಮಾಡಿ ಅಥವಾ ಖಾತೆಗೆ ಹಾಕಿ. ನಿಂತು ಹೋದ ನಾಲ್ಕಾಣೆ, ಹತ್ತು ಪೈಸೆ, ಮೂರು ಪೈಸೆಗಳು ಇನ್ನೊಂದು ಕಡೆ. ಇವು ನೆನಪು, ಮೊಮ್ಮಕ್ಕಳಿಗೆ ತೋರಿಸಿ ಕಥೆ ಹೇಳಿ. ಅಯಸ್ಕಾಂತ ಹಿಡಿಯದ, ತೊಲ ತೂಗುವ ಹಳೇ ರೂಪಾಯಿ ಇದ್ದರೆ ಮೂರನೇ ಕಡೆ. ಅದು ಆಸ್ತಿ. ನಿಮ್ಮ ಹೆಸರಿನಲ್ಲೇ ಭದ್ರವಾಗಿ ಇಟ್ಟುಕೊಳ್ಳಿ, ಬೆಳ್ಳಿಯ ದರ ತಿಳಿಯದೆ ಯಾರಿಗೂ ಕೊಡಬೇಡಿ. ನಾಲ್ಕನೇ ಗುಡ್ಡೆ, ಅಂದರೆ ಮೊಬೈಲಿನಲ್ಲಿ ಬಂದ ಲಕ್ಷ, ನಿಮ್ಮ ಡಬ್ಬಿಯಲ್ಲಿ ಇಲ್ಲ. ಯಾರ ಡಬ್ಬಿಯಲ್ಲೂ ಇಲ್ಲ.